ಗಾದಿ ಮಾಡುವವರ ಮನೆಯ ಓಟಗಾರ್ತಿ

ನಮ್ಮ ದಿಲ್ಶಾದಳ ಸೊಂಟ ಹಿಡಿದದ್ದು ಓಡಿದ್ದರಿಂದ ಅಲ್ಲ, ಮಲಗಿದ್ದರಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಲಕ್ಷ್ಮೇಶ್ವರದ ನಮ್ಮ ಓಣಿಯಲ್ಲಿ ಇವತ್ತಿಗೂ ಈ ಬಗ್ಗೆ ಒಬ್ಬೊಬ್ಬರದು ಒಂದೊಂದು ಮಾತು. ಕಣ್ಣು ಬಿತ್ತು ಅನ್ನುವವರಿದ್ದಾರೆ, ಹಳೆಯ ಪೆಟ್ಟು ಎದ್ದಿತು ಅನ್ನುವವರಿದ್ದಾರೆ, ಹುಡುಗಿ ಅಂಜಿದಳು ಅನ್ನುವವರೂ ಇದ್ದಾರೆ. ಯಾವುದೂ ಅಲ್ಲ. ಗಾದಿ. ನಮ್ಮ ಮನೆಯಲ್ಲೇ ಮಾಡಿದ, ಹೊಸ ಹತ್ತಿ ತುಂಬಿದ, ಮೊಳದೆತ್ತರದ ಗಾದಿ.

ಇದೆಲ್ಲ ಈಗ ನೆನಪಾಗಲು ಕಾರಣ ಒಂದು ಚಿಂದಿ. ನಿನ್ನೆ ಕೊಡ ತೊಳೆಯೋಣ ಅಂತ ಎತ್ತಿದರೆ, ಕೊಡ ಉರುಳದ ಹಾಗೆ ಕೆಳಗೆ ಇಟ್ಟಿದ್ದ ಬಟ್ಟೆಯ ಸಿಂಬಿ ಬಿಚ್ಚಿಕೊಂಡಿತು. ಒಳಗೆ ನೀಲಿ ಪಟ್ಟೆಯ ಬಟ್ಟೆ. ಬೇರೆಯವರಿಗೆ ಚಿಂದಿ ಅಂದರೆ ಚಿಂದಿ. ನಮ್ಮ ಮನೆಯಲ್ಲಿ ಯಾವ ಬಟ್ಟೆ ಯಾವ ಗಾದಿಯದು ಅಂತ ಗೊತ್ತಾಗುತ್ತದೆ. ಕೊಡವನ್ನು ಅಲ್ಲೇ ಬಿಟ್ಟು ಕಟ್ಟೆಯ ಮೇಲೆ ಕೂತೆ. ಸೊಸೆ ಒಳಗಿಂದ, "ನೀರ ತುಂಬೂದು ಐತೆಲ್ರಿ ಅತ್ತಿ," ಅಂದಳು. "ತುಂಬು," ಅಂದೆ. ಚಿಂದಿ ಕೈಯಲ್ಲೇ ಇತ್ತು.

ನಾವು ಪಿಂಜಾರರು. ಹತ್ತಿ ಹಿಂಜುವುದು, ಗಾದಿ ತುಂಬುವುದು, ತಲೆದಿಂಬು ಹೊಲಿಯುವುದು ನಮ್ಮ ಕಸುಬು. ಮಗ ಕಾಶೀಮ ಮೋಟಾರಿನ ಮಷೀನು ಹಾಕಿಕೊಂಡಿದ್ದಾನೆ, ಗುಂಡಿ ಒತ್ತಿದರೆ ಹತ್ತಿ ಹಿಂಜುತ್ತದೆ, ಮನೆಯೆಲ್ಲ ಗಡಗಡ. ನನ್ನ ಅಪ್ಪನ ಕಾಲದಲ್ಲಿ ಬಿಲ್ಲು. ಆಳೆತ್ತರದ ಮರದ ಬಿಲ್ಲು, ಅದಕ್ಕೊಂದು ನರದ ಹುರಿ, ಹುರಿ ಮೀಟಲು ಒಂದು ಕೊಡತಿ. ಅದನ್ನು ಹೆಗಲಿಗೇರಿಸಿಕೊಂಡು ಅಪ್ಪ ಬೆಳ್ಳಟ್ಟಿ, ಬಾಳೆಹೊಸೂರು, ಶಿರಹಟ್ಟಿ ಅಂತ ಊರೂರು ತಿರುಗುತ್ತಿದ್ದ. ಹಿಂದೆ ನಾನು, ತಲೆಯ ಮೇಲೆ ಬುತ್ತಿಗಂಟು. ಅವನದು ದೊಡ್ಡ ಹೆಜ್ಜೆ, ನನ್ನದು ಗಿಡ್ಡ ಕಾಲು. ಹೀಗಾಗಿ ಅವನು ನಡೆದ ದಾರಿಯನ್ನೆಲ್ಲ ನಾನು ಓಡಿದ್ದೇನೆ. ಅದನ್ನು ಯಾರೂ ಓಟ ಅನ್ನಲಿಲ್ಲ. ಬುತ್ತಿ ಹೊತ್ತವಳು ಹಿಂದೆ ಬಿದ್ದರೆ ಮುಂದಿನವನಿಗೆ ಊಟ ಇಲ್ಲ, ಅಷ್ಟೇ. ಓಡುವುದಕ್ಕೆ ಒಂದು ಕಾರಣ ಬೇಕು ಅಂತ ನನ್ನ ತಲೆಯಲ್ಲಿ ಆಗ ಕೂತದ್ದು ಇನ್ನೂ ಎದ್ದಿಲ್ಲ.

ಅಪ್ಪ ಯಾರದೋ ಪಡಸಾಲೆಯಲ್ಲಿ ಬಿಲ್ಲು ಮೀಟಲು ಕೂತರೆ ಓಣಿಯ ಮಕ್ಕಳೆಲ್ಲ ಬಂದು ನಿಲ್ಲುತ್ತಿದ್ದವು. ಹತ್ತಿ ಮೊದಲು ಗಂಟುಗಂಟಾಗಿ ಬಿದ್ದಿರುತ್ತದೆ, ನೋಡುನೋಡುತ್ತ ಉಬ್ಬಿ ನೊರೆಯ ಹಾಗೆ ಏಳುತ್ತದೆ. ನನ್ನ ಕೂದಲು, ಹುಬ್ಬು, ಮೂಗಿನ ತುದಿಯೆಲ್ಲ ಬಿಳಿ. ಹಾಗೇ ಸಾಲಿಗೆ ಹೋದರೆ ಹುಡುಗರು "ಮುದುಕಿ ಬಂದ್ಳು" ಅಂತ ಕೂಗುತ್ತಿದ್ದರು. ಮೂರನೇ ಇಯತ್ತೆಗೆ ಸಾಲಿ ಬಿಟ್ಟೆ. ಹುಡುಗರಿಗೆ ಅಂಜಿ ಅಲ್ಲ, ಮಗ್ಗಿಗೆ ಅಂಜಿ. ಈಗ ತಲೆ ನಿಜವಾಗಿಯೂ ಬೆಳ್ಳಗಾಗಿದೆ. ಕೂದಲು ಯಾವುದು, ಹತ್ತಿ ಯಾವುದು ಅಂತ ಬಾಚಿದ ಮೇಲೇ ಗೊತ್ತು.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಗಾದಿ ಮಾಡಿದವರು ಅದರ ಮೇಲೆ ಕೂಡುವ ಹಾಗಿಲ್ಲ. ಬಾಳೆಹೊಸೂರಿನ ಒಂದು ದೊಡ್ಡ ಮನೆಯಲ್ಲಿ ಅಪ್ಪ ಮದುವೆಯ ಗಾದಿ ಮುಗಿಸಿ, ಕೊನೆಯ ಹೊಲಿಗೆ ಹಾಕಿ, ದಬ್ಬಣ ಒರೆಸುತ್ತಿದ್ದ. ಗಾದಿ ಅಷ್ಟು ಎತ್ತರ, ಅಷ್ಟು ಬಿಳಿ. ನನಗೆ ತಡೆಯಲಾಗಲಿಲ್ಲ. ಬಾಗಿಲಿಂದ ಓಡಿಬಂದು ಜಿಗಿದೆ. ಗಾದಿ ಮುಟ್ಟುವ ಮೊದಲೇ ಅಪ್ಪ ಜಡೆ ಹಿಡಿದು ಎಳೆದ. "ಅದು ನಮ್ಮದಲ್ಲ. ಮಾಡಿದವ್ರು ಕುಂತ್ರ ಹೊಸಾದು ಹಳೇದಾಕ್ಕೈತಿ," ಅಂದ. ಆವತ್ತಿನ ನೋವು ಜಡೆಯ ಬುಡದಲ್ಲಿ ಬಹಳ ದಿನ ಇತ್ತು. ಎಷ್ಟು ಮದುವೆಗಳ ಗಾದಿ ನನ್ನ ಕೈಯಿಂದ ಹೋದವೋ. ನನ್ನ ಮದುವೆಗೆ ಚಾಪೆ, ಅದರ ಮೇಲೆ ಕೌದಿ. ಕಾಶೀಮನೂ ಹಾಗೇ ಮಲಗಿದ, ಅವನ ಮಗಳು ದಿಲ್ಶಾದಳೂ ಹಾಗೇ ಬೆಳೆದಳು. ಗಾದಿ ಮಾಡುವವರ ಮನೆಯಲ್ಲಿ ಒಂದೂ ಗಾದಿ ಇರಲಿಲ್ಲ. ಇದು ವಿಚಿತ್ರ ಅಂತ ನಮಗ್ಯಾರಿಗೂ ಅನ್ನಿಸಿರಲೇ ಇಲ್ಲ ನೋಡಿ.

ಈ ದಿಲ್ಶಾದ ಸಣ್ಣಾಕಿ ಇದ್ದಾಗಿನಿಂದ ಓಡುತ್ತಿದ್ದಳು. ಉಪ್ಪು ತಾ ಅಂದರೆ ಓಡಿಯೇ ಹೋಗುವುದು, ಓಡಿಯೇ ಬರುವುದು, ಅರ್ಧ ಉಪ್ಪು ದಾರಿಯಲ್ಲಿ. ಹೈಸ್ಕೂಲಿನ ಡ್ರಿಲ್ ಮಾಸ್ತರರು ನೋಡಿ ಮೈದಾನಕ್ಕೆ ಕರೆದೊಯ್ದರು. ಆಗ ನಮ್ಮದಿನ್ನೂ ಧಾರವಾಡ ಜಿಲ್ಲೆ. ಕಾಲೇಜಿಗೆ ಹೋದ ಮೇಲೆ ಧಾರವಾಡದಲ್ಲೇ ಒಂದು ದೊಡ್ಡ ಓಟ ಇತ್ತು. ಅರ್ಧಕ್ಕೆ ನಿಂತುಬಿಟ್ಟಳು. ಸುಮ್ಮನೆ ನಿಂತಳು, ಆಮೇಲೆ ಕೂತಳು. ಡಾಕ್ಟರರು ಕಾಲಿನ ಫೋಟೋ ತೆಗೆಸಿ, ಮೊಳಕಾಲ ಕೆಳಗಿನ ಎಲುಬಿನಲ್ಲಿ ಕೂದಲೆಳೆಯಷ್ಟು ಸೀಳಿದೆ ಅಂದರು. ಮನೆಯವರಿಗೆ ಸಮಾಧಾನ ಆಯಿತು. ಸೀಳಿದೆಯಲ್ಲ, ಕಾರಣ ಸಿಕ್ಕಿತಲ್ಲ. ಸೀಳು ಕೂಡಿತು, ಹುಡುಗಿ ಓಡಲಿಲ್ಲ. ತನ್ನ ಅಪ್ಪನ ಜೊತೆ ಕೂತು ಹತ್ತಿ ತುಂಬುವ ಬಟ್ಟೆಯ ಖೋಳಿ ಹೊಲಿಯತೊಡಗಿದಳು. ಅವಳ ಓಟದ ಬೂಟು ಗೋಡೆಯ ಮಾಡಕ್ಕೆ ಹೋಯಿತು. ಅದರಲ್ಲಿ ನಾನು ಬೆಳ್ಳುಳ್ಳಿ ಇಟ್ಟೆ.

ಹೀಗೇ ಕೆಲವು ವರ್ಷ. ಆಮೇಲೆ ಗದಗ ಜಿಲ್ಲೆ ಆಯಿತು. ಒಂದು ದಿನ ಅದೇ ಡ್ರಿಲ್ ಮಾಸ್ತರರು ಲೂನಾ ನಿಲ್ಲಿಸಿ ಒಳಗೆ ಬಂದರು.

"ಆಯಿ, ನಮ್ದ ಜಿಲ್ಲಾ ಆತು. ಇನ್ನ ಧಾರವಾಡದವ್ರ ಬೆನ್ನ ಹಿಂದ ನಿಂದ್ರೂದು ಬ್ಯಾಡ. ನಿಮ್ಮ ಹುಡುಗೀನ ಓಡಸ್ತೇನ್ರಿ."

"ಜಿಲ್ಲಾ ಆದ್ರ ಕಚೇರಿ ಬರತಾವ ಅಂತ ಕೇಳಿದ್ನಿ ಮಾಸ್ತರ್ರ. ಓಡೂದೂ ಬರತೈತೇನು?"

"ಬರತೈತ್ರಿ. ಬೆಳಗಾಂವ್ದಾಗ ಮ್ಯಾರಥಾನ್ ಐತಿ."

"ಅದೆಷ್ಟು ದೂರದ್ದು?"

"ಇಲ್ಲಿಂದ ಗದಗ ಮುಟ್ಟೂದು ಅಂತ ತಿಳ್ಕೊರಿ. ಮ್ಯಾಲೆ ಒಂದೀಟು."

"ಗದಗಿಗೆ ಬಸ್ಸೈತೆಲ್ರಿ?"

ಮಾಸ್ತರರು ನಕ್ಕರು. ನಾನು ನಗಿಸಲು ಹೇಳಿದ್ದಲ್ಲ. ಒಳಗೆ ಹೊಲಿಗೆ ಮಷೀನಿನ ಸಪ್ಪಳ ನಿಂತಿತ್ತು. ದಿಲ್ಶಾದ ಬಾಯಲ್ಲಿ ದಾರ ಕಚ್ಚಿಕೊಂಡೇ ಬಾಗಿಲಿಗೆ ಬಂದು, "ಓಡ್ತೇನ್ರಿ ಸರ್," ಅಂದಳು.

ಮಾಸ್ತರರು ಹೋದ ಮೇಲೆ ನಾನು ಕೇಳಿದೆ. "ಹುಚ್ಚೇನು ನಿನಗ? ಮುರಿದದ್ದಕ್ಕ ಮತ್ತ ಹೊಕ್ಕೀಯಲ್ಲ?"

ಅವಳು ಮಾಡದಿಂದ ಬೂಟು ಇಳಿಸಿ ಬೆಳ್ಳುಳ್ಳಿ ಸುರುವಿದಳು. "ಆಯಿ, ಆವತ್ತು ನನ್ನ ಕಾಲು ನಿಂತಿತೋ, ನಾ ನಿಂತ್ನೋ, ನನಗ ಗೊತ್ತಿಲ್ಲ. ನಿಂತದ್ದ ಮೊದ್ಲೋ ನೋವ ಮೊದ್ಲೋ, ಅದೂ ನೆನಪಿಲ್ಲ. ಎಲ್ರೂ ಕಾಲು ಅಂತಾರ. ನಾನೂ ಹೂಂ ಅಂತೇನಿ. ಅದೊಂದು ಗೊತ್ತಾಗಬೇಕು. ಈ ಸಲ ಮುಗಸಲಿಲ್ಲಂದ್ರ ಈ ಬೂಟ ನಿನ್ನ ಒಲಿಗೆ ಹಾಕಿಬಿಡು."

"ರಬ್ಬರ ಸುಟ್ರ ನಾತ ಹೊಡಿತೈತಿ. ಒಲಿಗೆ ಬ್ಯಾಡ," ಅಂದೆ.

ಆದರೆ ಅವಳ ಮಾತು ನನ್ನ ತಲೆಯಲ್ಲಿ ಹೊಕ್ಕು ಕೂತಿತು. ಕಾಲು ಬೇರೆ, ತಾನು ಬೇರೆ ಅಂತಾಳಲ್ಲ ಈ ಹುಡುಗಿ? ನನ್ನ ಕಾಲು ನಿಂತರೆ ನಾನೂ ನಿಲ್ಲುತ್ತೇನೆ, ಒಟ್ಟಿಗೇ. ಅಥವಾ ಹಾಗಲ್ಲವೋ? ಆ ರಾತ್ರಿ ನೀರಿಗೆ ಎದ್ದಾಗ ನಡುಮನೆಯಲ್ಲಿ ನಿಂತು ನೋಡಿದೆ. ಏನೂ ತಿಳಿಯಲಿಲ್ಲ. ನೀರು ಕುಡಿದು ಮಲಗಿದೆ.

ಮಾಸ್ತರರ ಕಲಿಸುವ ರೀತಿಯೂ ಗೊಂದಲದ್ದೇ. ಜಲ್ದಿ ಓಡಬೇಕಾದವಳಿಗೆ ನಿಧಾನ ಓಡು ಅನ್ನುತ್ತಿದ್ದರು. ನಿಧಾನ ಓಡುವುದಕ್ಕೂ ಬೈಗುಳ, "ಏ ಜಲ್ದಿ ಆತು, ನಿಧಾನ!" ಅಂತ. ಜೋಳದ ರೊಟ್ಟಿ, ಬೆಲ್ಲ, ಶೇಂಗಾ ತಿಂದೂ ತಿಂದೂ ಹುಡುಗಿ ಬಡಕಲಾದಳು. ವಾರದಲ್ಲಿ ಒಂದು ದಿನ ದೂರದ ಓಟ. ಕೆಲವು ಸಲ ಶಿರಹಟ್ಟಿಯ ಕಡೆ, ಕೆಲವು ಸಲ ಬಾಳೆಹೊಸೂರಿನ ಕಡೆ, ಒಮ್ಮೆ ಶಿರಹಟ್ಟಿ ದಾಟಿ ಬೆಳ್ಳಟ್ಟಿಯವರೆಗೂ. ಚೂಡಿದಾರದ ಓಢಣಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಅವಳು ಮುಂದೆ, ನೀರಿನ ಕ್ಯಾನು ಕಟ್ಟಿಕೊಂಡು ಕಾಶೀಮ ಸೈಕಲ್ ಮೇಲೆ ಹಿಂದೆ.

ನಮ್ಮ ಕಡೆಯ ಜನರ ಕೂಡ ಓಡುವುದು ಸುಲಭ ಅಲ್ಲ. ದಾರಿಯಲ್ಲಿ ಯಾರಾದರೂ ಕಾಲ ಮೇಲೆ ಹೊರಟದ್ದು ಕಂಡರೆ ಗಾಡಿ ನಿಲ್ಲಿಸಿ ಹತ್ತಿಸಿಕೊಳ್ಳದೆ ಹೋಗುವವರಲ್ಲ ಅವರು. ಟ್ರ್ಯಾಕ್ಟರಿನವನು, "ಯಾಕವಾ, ಬಸ್ ತಪ್ಪೇತೇನು? ಹತ್ತು," ಅಂದ. ಇವಳು ಒಲ್ಲೆ ಅಂದರೆ ಅವನಿಗೆ ಬೇಜಾರು, ಪಕ್ಕದಲ್ಲೇ ಟ್ರ್ಯಾಕ್ಟರ್ ಹೊಡೆಯುತ್ತ, "ರೊಕ್ಕ ಕೇಳೂದಿಲ್ಲವಾ, ಹತ್ತು," ಅಂತ ಬಹಳ ದೂರ ಬಂದನಂತೆ. ಬೆಳ್ಳಟ್ಟಿಯಲ್ಲಿ ಒಬ್ಬ ಹೆಂಗಸು ಕೈಹಿಡಿದು ಕಟ್ಟೆಗೆ ಎಳೆದುಕೊಂಡಳು.

"ಗಂಡನ ಮನ್ಯಾಗ ಜಗಳಾ ಆಗೇತೇನು, ಯವ್ವಾ?"

"ನನಗ ಗಂಡನ ಇಲ್ರಿ."

"ಹಂಗಾರ ಯಾಕ ಓಡ್ತೀ?"

ದಿಲ್ಶಾದ ಆಕೆ ಕೊಟ್ಟ ಚಹಾ ಕುಡಿದು ಬಂದಳು. ಬಾಳೆಹೊಸೂರಿನ ದಾರಿಯಲ್ಲಂತೂ ಗಂಡಸರು ಕಾಶೀಮನ ಸೈಕಲ್ಲನ್ನೇ ಹಿಡಿದರು.

"ಏನಲೇ, ಹುಡುಗಿ ಬೆನ್ನ ಹತ್ತೀ? ನಾಚಿಕಿ ಇಲ್ಲ?"

"ನನ್ನ ಮಗಳ್ರಿಪಾ!"

"ಮಗಳಾದ್ರ ಸೈಕಲ್ ಮ್ಯಾಲೆ ಕುಂಡ್ರಸ್ಕೊಂಡ ಹೋಗು! ಆಕೀನ ಓಡಿಸಿ ನೀ ಕುಂತ ಹೊಂಟೀಯಲ್ಲ!"

ಕಾಶೀಮ ಆವತ್ತು ಮನೆಗೆ ಬಂದು ಊಟ ಮಾಡಲಿಲ್ಲ. ಅವರ ಮಾತು ಸರಿ ಅಂತ ಅವನಿಗೇ ಅನ್ನಿಸಿಬಿಟ್ಟಿತ್ತು. ನನಗೂ ಅನ್ನಿಸಿತ್ತು, ಹೇಳಲಿಲ್ಲ.

ಹೀಗೆ ಹುಡುಗಿ ಗಟ್ಟಿಯಾದಳು. ಬರುಬರುತ್ತ ಹೊಸ್ತಿಲಲ್ಲಿ ಏದುಸಿರು ಬಿಡುವುದು ನಿಂತಿತು. ಓಡಿ ಬಂದವಳೇ ಖೋಳಿ ಹೊಲಿಯಲು ಕೂಡುತ್ತಿದ್ದಳು. ಕಾಲು ನೋಯಲಿಲ್ಲ. ಇನ್ನೇನು ಓಟ ಹತ್ತಿರ ಬಂತು ಅನ್ನುವಾಗ ಮಾಸ್ತರರು ಓಟವನ್ನೇ ಕಡಿಮೆ ಮಾಡಿಸಿದರು. ಇದು ನೋಡಿ ನನಗೆ ಪೂರಾ ತಲೆ ಕೆಟ್ಟಿತು.

"ಮದುವಿ ಹತ್ರ ಬಂತಂತ ಯಾರರ ಒಲಿ ಆರಸ್ತಾರೇನ್ರಿ ಮಾಸ್ತರ್ರ?"

"ಮೈ ಅರಳಬೇಕ್ರಿ ಆಯಿ. ದುಡಿದ ಮೈ ಅದು. ಈಗ ಚಲೋತ್ನ್ಯಾಗಿ ನಿದ್ದಿ ಮಾಡ್ಲಿ. ನಿದ್ದೀನ ಔಷಧ."

ಅವರು ಸಹಜವಾಗಿ ಹೇಳಿದ್ದು. ಆದರೆ ಹೇಳಿದ್ದು ಯಾರ ಮನೆಯಲ್ಲಿ? ಗಾದಿ ಮಾಡುವವರ ಮನೆಯಲ್ಲಿ. ಚಲೋ ನಿದ್ದೆ ಅನ್ನುವ ಮಾತು ಕಾಶೀಮನ ಕಿವಿಗೆ ಬಿದ್ದದ್ದೇ ಅವನ ಮುಖ ಬದಲಾಯಿತು. ಊರಿನವರಿಗೆಲ್ಲ ನಿದ್ದೆ ಮಾಡಿಕೊಡುವವನು, ಮಗಳಿಗೆ ಕೌದಿ! ಮರುದಿನವೇ ಅಟ್ಟದಿಂದ ನನ್ನ ಅಪ್ಪನ ಬಿಲ್ಲು ಇಳಿಸಿದ. ಮಷೀನಿನಲ್ಲಿ ಹಿಂಜಿದರೆ ಎಳೆ ಕಡಿಯುತ್ತದೆ, ಮಗಳ ಗಾದಿಗೆ ಅದು ಬೇಡ ಅಂದ. ಬಾಜು ಮನೆಯ ಗಂಗವ್ವ ತನ್ನ ಹೊಲದ ಹೊಸ ಹತ್ತಿ ತಂದು ಸುರುವಿದಳು. "ಹುಸೇನಬಿ, ನಮ್ಮ ಓಣಿ ಹುಡುಗಿ ಬೆಳಗಾಂವಿಗೆ ಹೊಂಟಾಳ. ಇದು ನಂದು," ಅಂದಳು. ಓಣಿಯ ಹೆಂಗಸರು ಕೂತು ಕಸ ಆರಿಸಿದರು. ಕಾಶೀಮ ಬಿಲ್ಲು ಮೀಟಿದ. ಬಹಳ ವರ್ಷಕ್ಕೆ ಆ ಸಪ್ಪಳ ಕೇಳಿ ಮಕ್ಕಳು ಬಂದು ನಿಂತವು. ನಾನು ದಬ್ಬಣ ಕೊಡು ಅಂದರೆ ಕೊಡಲಿಲ್ಲ. "ನಿನಗ ಕಣ್ಣ ಕಾಣಂಗಿಲ್ಲಬೇ, ಹೊಲಿಗಿ ಸೊಟ್ಟ ಬೀಳ್ತಾವ," ಅಂದ. ನೀಲಿ ಪಟ್ಟೆಯ ಬಟ್ಟೆ, ಒಂದೊಂದು ಹೊಲಿಗೆಯೂ ಅಳೆದಿಟ್ಟ ಹಾಗೆ. ಅವನ ಆಯುಷ್ಯದಲ್ಲೇ ಅಂಥ ಗಾದಿ ಮಾಡಿರಲಿಲ್ಲ. ಎತ್ತರ ನೋಡಿದರೆ ಏಣಿ ಬೇಕು ಅನ್ನುವ ಹಾಗಿತ್ತು.

ಮೊದಲ ರಾತ್ರಿ ದಿಲ್ಶಾದ ಮಲಗಿದಳು. ಮಲಗಿದಳು ಅಂದರೆ ಒಳಗೆ ಹೋದಳು. ಮೂಗೊಂದು ಕಾಣುತ್ತಿತ್ತು. ಬೆಳಿಗ್ಗೆ ಕಾಶೀಮ ಚಹಾದ ಬಸಿ ಹಿಡಿದು, "ಹೆಂಗೈತಿ?" ಅಂತ ಕೇಳಿದ.

"ಚಲೋ ಐತಿ ಅಪ್ಪಾ," ಅಂದಳು. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿದ್ದಳು.

ಮರುದಿನ ಚೌಕಟ್ಟಿನ ಜೊತೆ ಗೋಡೆಯನ್ನೂ ಹಿಡಿದಳು. ಅದರ ಮರುದಿನ ನನ್ನ ಹಾಗೆ ನಡೆದಳು, ಒಂದು ಕೈ ಸೊಂಟದ ಮೇಲೆ. ಆಗ ಮನೆಯಲ್ಲಿ ಮಾತು ಶುರುವಾಯಿತು. ಹಳೆಯ ಕಾಲುನೋವೇ ಸೊಂಟಕ್ಕೆ ಏರಿದೆ ಅಂತ ಕಾಶೀಮ. ಗಂಗವ್ವ ಉಪ್ಪು ಮೆಣಸಿನಕಾಯಿ ಇಳಿತೆಗೆದು ಒಲೆಗೆ ಹಾಕಿ, ಮೂಗು ಅರಳಿಸಿ ನಿಂತಳು. "ಘಾಟ ಬರಲಿಲ್ಲ ನೋಡು! ಕಣ್ಣ ಬಿದ್ದದ್ದು ಖರೆ. ಆ ಬೆಳ್ಳಟ್ಟಿಯಾಕೀದ ಇರಬೇಕು." ಮಾಸ್ತರರು ಬಂದು ಬಗ್ಗಿಸಿ ಏಳಿಸಿ ನೋಡಿ, ನನ್ನನ್ನು ಬದಿಗೆ ಕರೆದು, "ಓಟ ಸಮೀಪ ಬಂದಾಗ ಕೆಲವರಿಗೆ ಹಿಂಗಾಕ್ಕೈತ್ರಿ. ಮನಸ್ಸು ಅಂಜಿದ್ದು ಮೈಯಾಗ ಕಾಣತೈತಿ," ಅಂದರು. ನನಗೆ ಎಲ್ಲರ ಮಾತೂ ಸರಿ ಅನ್ನಿಸುತ್ತಿತ್ತು. ಯಾರು ಕೊನೆಗೆ ಮಾತಾಡುತ್ತಾರೋ ಅವರದು ಹೆಚ್ಚು ಸರಿ.

ಎಲ್ಲರೂ ಒಪ್ಪಿದ ಮಾತು ಒಂದೇ. ಹುಡುಗಿಗೆ ಇನ್ನೂ ವಿಶ್ರಾಂತಿ ಬೇಕು. ಎಲ್ಲಿ? ಗಾದಿಯ ಮೇಲೆ. ಹಗಲೂ ಮಲಗಿಸಿದೆವು. ಸೊಂಟಕ್ಕೆ ಒತ್ತುತ್ತಿರಬೇಕು ಅಂತ ಕಾಶೀಮ ನಡುವಿನ ಹೊಲಿಗೆ ಬಿಚ್ಚಿ ಇನ್ನಷ್ಟು ಹತ್ತಿ ತುಂಬಿದ. ಮಲಗಿದಷ್ಟೂ ನೋವು, ನೋವಾದಷ್ಟೂ ಹತ್ತಿ.

ದಿಲ್ಶಾದ ಮಾತ್ರ ಯಾರ ಮಾತಿಗೂ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಒಂದು ಸಂಜೆ ನಾನು ಎಣ್ಣೆ ಹಚ್ಚಿ ಅವಳ ಸೊಂಟ ತಿಕ್ಕುತ್ತಿದ್ದೆ. ಬೋರಲು ಮಲಗಿದವಳು ದಿಂಬಿಗೆ ಹೇಳಿದ ಹಾಗೆ ಹೇಳಿದಳು.

"ಗೊತ್ತಾತು ಬಿಡು ಆಯಿ."

"ಏನ ಗೊತ್ತಾತು?"

"ಕಾಲಲ್ಲ, ನಾನ. ಆವತ್ತೂ ನಾನ ನಿಂತದ್ದು. ಓಟ ಬಂತಂದ್ರ ನನ್ನ ಮೈ ನೆವ ಹುಡುಕತೈತಿ. ಆವತ್ತ ಕಾಲು, ಇವತ್ತ ಸೊಂಟ."

ನಾನು ತಿಕ್ಕುವುದು ನಿಲ್ಲಿಸಲಿಲ್ಲ. ಅದು ಸುಳ್ಳು ಅಂತ ಹೇಳಲು ನನಗೇನು ಗೊತ್ತಿತ್ತು? ಬೆನ್ನಿನ ಎರಡೂ ಬದಿ ಕಲ್ಲಾಗಿತ್ತು, ಅದಷ್ಟು ಗೊತ್ತಿತ್ತು. ಮಾಸ್ತರರು ಮರುದಿನ ಸಂಜೆ ಬರುತ್ತೇನೆ, ಹೆಸರು ತೆಗೆಸುವುದೋ ಇಡುವುದೋ ಹೇಳಿರಿ ಅಂದಿದ್ದರು. ಬೂಟು ಆಗಲೇ ಮಾಡಕ್ಕೆ ಹೋಗಿತ್ತು. ಬೆಳ್ಳುಳ್ಳಿ ಇನ್ನೂ ಹಾಕಿರಲಿಲ್ಲ.

ಮರುದಿನ ಮಧ್ಯಾಹ್ನ. ದಿಲ್ಶಾದ ಗಂಗವ್ವನ ಮನೆಯಲ್ಲಿ ಬಿಸಿನೀರು ಹಾಕಿಸಿಕೊಳ್ಳಲು ಹೋಗಿದ್ದಳು. ಕಾಶೀಮ ಹೊರಗೆ ಮಷೀನಿನ ಮುಂದೆ. ನಾನು ಕೋಣೆ ಗುಡಿಸಲು ಹೋದೆ. ಗಾದಿ ಖಾಲಿ ಇತ್ತು. ಬಾಳೆಹೊಸೂರಿನ ಆ ಮನೆಯಲ್ಲಿ ಇದ್ದಂಥದ್ದೇ, ಅಷ್ಟೇ ಎತ್ತರ. ಜಡೆಯ ಬುಡ ಚುರ್ ಅಂದಿತು. ಆದರೆ ಒಂದು ವಿಚಾರ ಬಂತು. ಮಾಡಿದವರು ಕೂಡಬಾರದು. ಈ ಗಾದಿಗೆ ನನ್ನ ದಬ್ಬಣ ತಾಗಿಲ್ಲ. ಕಣ್ಣು ಕಾಣುವುದಿಲ್ಲ ಅಂತ ನನ್ನನ್ನು ದೂರ ಇಟ್ಟಿದ್ದರಲ್ಲ. ಅಂದಮೇಲೆ ನಾನು ಮಾಡಿದವಳಲ್ಲ. ಕಸಬರಿಗೆ ಗೋಡೆಗೆ ಒರಗಿಸಿ ಕೂತೆ. ಕೂತವಳು ಹಾಗೇ ಹಿಂದಕ್ಕೆ ಹೋದೆ.

ಆಹಾ ಅಂದರೆ ಆಹಾ. ಯಾರೋ ಎತ್ತಿಕೊಂಡ ಹಾಗೆ. ಇಂಥದ್ದನ್ನು ಜನ್ಮವಿಡೀ ಬೇರೆಯವರಿಗೆ ಕೊಟ್ಟೆವಲ್ಲ ಅನ್ನಿಸಿತು. ಅಷ್ಟರಲ್ಲಿ ನಿದ್ದೆ.

ಎಚ್ಚರವಾದಾಗ ಏಳಲು ಹೋದೆ. ಕಾಲು ಮೇಲೆ, ತಲೆ ಮೇಲೆ, ನಡು ಕೆಳಗೆ. ಕೈ ಊರಿದರೆ ಕೈ ಒಳಗೆ ಹೋಗುತ್ತದೆ, ನೆಲ ಸಿಗುವುದಿಲ್ಲ. ಹೊರಳಿದರೆ ಹತ್ತಿ ನನ್ನನ್ನು ಮತ್ತೆ ಅದೇ ಕುಣಿಗೆ ತಂದು ಹಾಕುತ್ತದೆ. ಅಂಗಾತ ಬಿದ್ದ ಆಮೆಯ ಹಾಗೆ ಕೈಕಾಲು ಆಡಿಸಿದೆ. ಸೊಂಟದಲ್ಲಿ ಚಳಕ್ ಅಂದಿತು.

"ಕಾಶ್ಯಾ! ಏ ಕಾಶ್ಯಾ!"

ಮಷೀನು ನಿಂತಿತು. "ಯಾಕಬೇ?"

"ಎಬ್ಬಸು ಬಾ!"

ಅವನು ಬಂದ, ಗಂಗವ್ವ ಬಂದಳು, ಹಿಂದೆ ಗೋಡೆ ಹಿಡಿದುಕೊಂಡು ದಿಲ್ಶಾದ. ಮಗ ಒಂದು ಕೈ, ಗಂಗವ್ವ ಒಂದು ಕೈ ಹಿಡಿದು ಬಾವಿಯಿಂದ ಕೊಡ ಎಳೆದ ಹಾಗೆ ಎಳೆದರು. ನೆಟ್ಟಗೆ ನಿಲ್ಲಲು ಆಗಲಿಲ್ಲ.

"ಏನಾತಬೇ?"

"ಸೊಂಟ ಹಿಡದೈತಿ."

"ಎಲ್ಲಿ?"

ಕೈ ಇಟ್ಟು ತೋರಿಸಿದೆ. ದಿಲ್ಶಾದ ನನ್ನ ಕೈಯನ್ನು ನೋಡಿದಳು, ಆಮೇಲೆ ತನ್ನ ಕೈಯನ್ನು. ಅದೂ ಅಲ್ಲೇ ಇತ್ತು.

"ಆಯಿ, ನಿನಗೂ ಅಲ್ಲೆ?"

"ಅಲ್ಲೇ. ನಾ ಎಲ್ಲಿಗೆ ಓಡಿದ್ನೆಲೇ? ನನ್ನ ಮ್ಯಾಲೆ ಯಾವ ಬೆಳ್ಳಟ್ಟಿಯಾಕ್ಯರ ಕಣ್ಣ ಹಾಕ್ಯಾಳ? ನನಗ್ಯಾವ ಮ್ಯಾರಥಾನ್ ಅಂಜಿಕಿ? ಮಧ್ಯಾಹ್ನ ಒಂದೀಟ ಮಲಗಿದ್ನಿ, ಅಷ್ಟ."

ಕಾಶೀಮ ಬಗ್ಗಿ ಗಾದಿಯ ನಡುವೆ ಅಂಗೈ ಒತ್ತಿದ. ಮೊಳಕೈಯವರೆಗೆ ಹೋಯಿತು. ಇಷ್ಟು ವರ್ಷ ಮೇಲಿಂದ ಸವರಿ ಮೆತ್ತಗಿದೆ ಅಂತ ನೋಡಿದವನೇ ಹೊರತು ಭಾರ ಹಾಕಿ ನೋಡಿದವನಲ್ಲ. ನಮ್ಮಲ್ಲಿ ಯಾರೂ ನೋಡಿದವರಲ್ಲ. ಮೊದಲು ಗಂಗವ್ವ ನಕ್ಕಳು, ಸೆರಗು ಬಾಯಿಗೆ ಇಟ್ಟುಕೊಂಡು. ಆಮೇಲೆ ದಿಲ್ಶಾದ. ನಕ್ಕರೆ ಸೊಂಟ ನೋಯುತ್ತದೆ, ನೋಯುತ್ತದೆ ಅಂತ ಅಳುತ್ತಾಳೆ, ಅಳುತ್ತ ನಗುತ್ತಾಳೆ. ನಾನು ನಗಲಿಲ್ಲ. ನನಗೆ ನಿಜವಾಗಿಯೂ ನೋಯುತ್ತಿತ್ತು.

ಸಂಜೆ ಮಾಸ್ತರರು ಬಂದಾಗ ಕಾಶೀಮ ಗಾದಿಯನ್ನು ಅಂಗಳದಲ್ಲಿ ಹಾಕಿ ಹೊಲಿಗೆ ಬಿಚ್ಚುತ್ತಿದ್ದ. ಹತ್ತಿ ಗಂಗವ್ವನ ಮನೆಗೆ ತಲೆದಿಂಬಾಗಿ ಹೋಯಿತು, ಬಟ್ಟೆಯಲ್ಲಿ ಒಂದು ಚೂರು ಸಿಂಬಿ ಆಯಿತು. ಮಾಸ್ತರರು ಏನಾಯಿತು ಅಂತ ಕೇಳಿದರು. "ಹೆಸರ ಇರ್ಲಿ ಬಿಡ್ರಿ," ಅಂದೆ.

ದಿಲ್ಶಾದ ಮತ್ತೆ ನೆಲಕ್ಕೆ ಬಂದಳು, ಚಾಪೆ ಮತ್ತು ಕೌದಿ. ಕೆಲವು ದಿನಕ್ಕೆ ಸೊಂಟ ಸಡಿಲಾಯಿತು. ಪೂರಾ ಅಲ್ಲ. ಬೆಳಗಾವಿಗೆ ಹೊರಟಾಗ ಕಾಶೀಮನ ಬಗಲಲ್ಲಿ ಕೌದಿಯ ಸುರುಳಿ ಇತ್ತು. ಅಲ್ಲಿ ಮಾಸ್ತರರ ತಂಗಿಯ ಮನೆಯಲ್ಲಿ ಮಂಚ ಹಾಕಿದ್ದರಂತೆ, ಇವಳು ಕೈಮುಗಿದು ಕೆಳಗೆ ಮಲಗಿದಳಂತೆ. ನಾನು ಹೋಗಲಿಲ್ಲ. ಓಟದಲ್ಲಿ ನೋಡುವುದೇನಿದೆ? ಹೋಗುವಾಗ ಒಮ್ಮೆ ಕಾಣುತ್ತಾರೆ, ಬರುವಾಗ ಒಮ್ಮೆ. ಆದರೆ ಆ ದಿನ ಬೆಳಿಗ್ಗೆಯಿಂದ ನನ್ನ ಕೈ ಯಾವ ಕೆಲಸಕ್ಕೂ ಹತ್ತಲಿಲ್ಲ. ಬೆಳ್ಳುಳ್ಳಿ ಸುಲಿಯುತ್ತ ಕೂತೆ, ಬೇಕಾದದ್ದಕ್ಕಿಂತ ಬಹಳ ಸುಲಿದೆ.

ಕತ್ತಲಾಗುವ ಹೊತ್ತಿಗೆ ಬಂದರು. ನಮ್ಮ ಮನೆಯ ಮುಂದೆ ಇರುವುದು ಮೂರೇ ಮೆಟ್ಟಿಲು. ದಿಲ್ಶಾದ ಅವನ್ನು ಏಡಿಯ ಹಾಗೆ ಅಡ್ಡಡ್ಡ ಹತ್ತಿದಳು.

"ಮುಗೀತೇನು?" ಅಂದೆ.

"ಮುಗೀತು."

"ಎಷ್ಟನೇದಾಕಿ ಬಂದಿ?"

"ಯಾರಿಗ್ಗೊತ್ತು ಆಯಿ. ನಾ ಮುಟ್ಟೂದ್ರಾಗ ಪೆಂಡಾಲ ಬಿಚ್ಚಾಕತ್ತಿದ್ರು. ಒಬ್ಬಾವ ಹಗ್ಗಾ ಬಿಚ್ಚೂದ ಬಿಟ್ಟು ಚಪ್ಪಾಳಿ ಹೊಡದ."

ಬಿಸಿನೀರಿಗೆ ಉಪ್ಪು ಹಾಕಿ ಅವಳ ಕಾಲು ಇಡಿಸಿದೆ. ಕೇಳಬಾರದು ಅಂದುಕೊಂಡಿದ್ದೆ, ಕೇಳಿಬಿಟ್ಟೆ. "ಅದು ಗೊತ್ತಾತೇನು? ಕಾಲೋ ನೀನೋ?"

ಅವಳು ನೀರಿನಲ್ಲಿ ಕಾಲಬೆರಳು ಆಡಿಸಿದಳು. "ನಡುವ ಒಂದ ಕಡೆ ನಿಂತ್ನಿ ಆಯಿ. ಧಾರವಾಡದಾಗ ನಿಂತಂಗ. ನಿಂತು ನೋಡ್ದೆ. ಕಾಲ ಸರಿ ಇತ್ತು. ಸೊಂಟ ಒಂದೀಟ ನೋವ ಅಂತಿತ್ತು. ನಾನೂ ಇದ್ನಿ. ಹಂಗಾರ ಯಾರು ನಿಂತ್ರು ಅಂತ ತಿಳೀಲಿಲ್ಲ. ತಿಳೀಲಿಲ್ಲಂತ ಮತ್ತ ಓಡಿದ್ನಿ."

"ಹಂಗಾರ ಆವತ್ತಿಂದು?"

"ಅದಿನ್ನೂ ಗೊತ್ತಾಗವಲ್ದು," ಅಂದಳು. "ಬೂಟ ಒಲಿಗೆ ಹಾಕಬ್ಯಾಡ."

ಇಷ್ಟು ಓಡಿಯೂ ಗೊತ್ತಾಗಲಿಲ್ಲ ಅಂದರೆ ಓಡಿದ್ದು ಯಾತಕ್ಕೆ? ಕೇಳಬೇಕೆಂದು ಬಾಯಿ ತೆರೆದೆ. ಹುಡುಗಿ ಕೂತಲ್ಲೇ, ಕಾಲು ನೀರಿನಲ್ಲಿ ಇಟ್ಟುಕೊಂಡೇ ನಿದ್ದೆ ಹೋಗಿದ್ದಳು. ಗೋಡೆಗೆ ಒರಗಿ, ಕಲ್ಲಿನ ಮೇಲೆ. ಔಷಧದ ನಿದ್ದೆ ಅಂದರೆ ಅದು.

ಮರುದಿನ ಬೆಳಿಗ್ಗೆ ಮುಂಡರಗಿಯ ಗಿರಾಕಿ ಬಂದ. ಮಗಳ ಮದುವೆಗೆ ಹೇಳಿದ್ದ ಗಾದಿ ತಯಾರಾಗಿ ಪಡಸಾಲೆಯಲ್ಲಿ ಸುರುಳಿ ಕಟ್ಟಿ ನಿಂತಿತ್ತು. ಟಂಟಂ ಗಾಡಿಗೆ ಹೇರಲು ಅವನು ಕೈ ಹಾಕಿದ.

"ತಡಿ," ಅಂದೆ. "ಹಗ್ಗಾ ಬಿಚ್ಚು."

ಕಾಶೀಮ ನನ್ನ ಮುಖ ನೋಡಿದ. ಬಿಚ್ಚಿ ಹಾಸಿದ. ನಾನು ಚಪ್ಪಲಿ ಬಿಟ್ಟು ಅದರ ಮೇಲೆ ಮಲಗಿದೆ.

"ಏ ಆಯಿ, ಅದು ಮದುವಿ ಗಾದಿರಿ!" ಗಿರಾಕಿ ಹೌಹಾರಿದ.

"ಗೊತ್ತೈತಿ. ನಾ ಮದುವಿ ಆಗಾಕ ಬಂದಿಲ್ಲ. ಸುಮ್ಮನ ನಿಂದ್ರು."

ಅಪ್ಪ ಇದ್ದಿದ್ದರೆ ಜಡೆ ಹಿಡಿದು ಎಳೆಯುತ್ತಿದ್ದ. ಈಗ ಹಿಡಿಯುವಷ್ಟು ಜಡೆಯೂ ಇಲ್ಲ. ದಿಲ್ಶಾದ ಒಳಗಿಂದ ಗೋಡೆ ಹಿಡಿದುಕೊಂಡು ಅಡ್ಡಡ್ಡ ನಡೆಯುತ್ತ ಬಂದು ಬಾಗಿಲಲ್ಲಿ ನಿಂತಳು. ಎಬ್ಬಿಸಲು ಕೈ ಚಾಚಿದಳು. ಬೇಡ ಅಂದೆ. ಎಡಕ್ಕೆ ಹೊರಳಿ ನೋಡಿದೆ, ಬಲಕ್ಕೆ ಹೊರಳಿ ನೋಡಿದೆ. ಸ್ವಲ್ಪ ಹೊತ್ತು ಹಾಗೇ ಇದ್ದೆ. ಆಮೇಲೆ ಕೈಯೂರಿ ಎದ್ದು ಕೂತೆ.

"ಕಾಶ್ಯಾ," ಅಂದೆ, "ನಡುವ ಒಂದ ಹಿಡಿ ಹತ್ತಿ ಹೆಚ್ಚಿಗಿ ಬಿದ್ದೈತಿ. ಹಿಂದಕ್ಕ ತಗಿ."